ವಾಟ್ ನೋಡುವ ಮೊದಲು ವೋಲ್ಟ್ ನೋಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕಂಪ್ಯೂಟರ್ ಅಸೆಂಬಲ್ ಮಾಡಿಸುವವರು ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಇಡೀ ಯಂತ್ರಕ್ಕೆ ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್ ಸರದಿ ಬಂದಾಗ ಕ್ಯಾಬಿನೆಟ್ ಜೊತೆ ಕೊಟ್ಟಿದ್ದನ್ನೇ ಒಪ್ಪಿಕೊಂಡು ಬರುತ್ತಾರೆ. ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರಿರಲಿ, ಗೇಮ್ ಆಡುವ ಕಾಲೇಜು ಹುಡುಗರಿರಲಿ, ಅದೇ ಯಂತ್ರದಿಂದ ಇನ್ನಷ್ಟು ವೇಗ ತೆಗೆಯಲು ಓವರ್‌ಕ್ಲಾಕ್ ಮಾಡಹೊರಟರೆ ಮೊದಲು ಸೋಲುವುದು ಈ ಪೆಟ್ಟಿಗೆಯೇ. ನಮ್ಮ ಊರುಗಳ ಕರೆಂಟಿಗೆ ತಕ್ಕ ಎಸ್‌ಎಂಪಿಎಸ್ ಹಾಕಿಸದೆ ಓವರ್‌ಕ್ಲಾಕ್‌ಗೆ ಕೈ ಹಾಕಬಾರದು.

ಲೆಕ್ಕ ಸರಳವಾಗಿದೆ. ಪ್ರೊಸೆಸರ್ ಎಳೆಯುವ ವಿದ್ಯುತ್ತು ಅದರ ವೇಗ ಏರಿದಷ್ಟೂ ಏರುತ್ತದೆ, ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. ವೇಗವನ್ನು ಶೇ 10 ಹೆಚ್ಚಿಸಿ, ಆ ವೇಗ ನಿಲ್ಲಲೆಂದು ವೋಲ್ಟೇಜನ್ನೂ ಶೇ 10 ಹೆಚ್ಚಿಸಿದರೆ ಬಳಕೆ ಶೇ 33 ಮೇಲೇರುತ್ತದೆ. 125 ವಾಟ್‌ನ ಪ್ರೊಸೆಸರ್ 166ಕ್ಕೆ ಮುಟ್ಟುತ್ತದೆ. ಗ್ರಾಫಿಕ್ಸ್ ಕಾರ್ಡಿನ 250, ಉಳಿದ ಭಾಗಗಳ 60 ಸೇರಿಸಿದರೆ 476 ವಾಟ್. ಇಂಥ ಯಂತ್ರಕ್ಕೆ 650 ವಾಟ್‌ನದು ಸಾಕು. 1000 ವಾಟ್‌ನದೇ ಬೇಕೆನ್ನುವುದು ದುಂದು.

ಆದರೆ ಆ 650 ನಿಜವಾದ 650 ಆಗಿರಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ 12 ವೋಲ್ಟ್ ಸಾಲಿನಿಂದಲೇ ಶಕ್ತಿ ಪಡೆಯುತ್ತವೆ. ಎಸ್‌ಎಂಪಿಎಸ್‌ನ ಸ್ಟಿಕ್ಕರಿನಲ್ಲಿ ಆ ಸಾಲಿನ ಎದುರು 54 ಆಂಪಿಯರ್‌ನಷ್ಟು ಇದ್ದರೆ ಸರಿ. 450 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದು 12 ವೋಲ್ಟ್ ಎದುರು 18 ಆಂಪಿಯರ್ ಎಂದಿದ್ದರೆ, ನಿಮಗೆ ಅಲ್ಲಿ ದಕ್ಕುವುದು 216 ವಾಟ್ ಮಾತ್ರ.

ಇಷ್ಟು ಬೆಂಗಳೂರಿನವರಿಗೂ ಅನ್ವಯಿಸುವ ಮಾತು. ನಮ್ಮ ನಾಲ್ಕು ತಾಲ್ಲೂಕುಗಳವರು ಇದಕ್ಕೂ ಮೊದಲು ಓದಬೇಕಾದ ಸಾಲೊಂದು ಅದೇ ಸ್ಟಿಕ್ಕರಿನಲ್ಲಿದೆ: ಇನ್‌ಪುಟ್ ವೋಲ್ಟೇಜ್. ಪ್ಲಗ್ಗಿನಲ್ಲಿ 230 ವೋಲ್ಟ್ ಇರಬೇಕು. ನಿರಂತರ ಜ್ಯೋತಿ ಯೋಜನೆಯಡಿ ಊರಿನ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ ಕಡೆ ಪರಿಸ್ಥಿತಿ ಸುಧಾರಿಸಿದೆ. ತೋಟದ ಮನೆಗಳಲ್ಲಿ, ಉದ್ದನೆಯ ಲೈನಿನ ಕೊನೆಯ ಮನೆಗಳಲ್ಲಿ, ತ್ರೀ ಫೇಸ್ ಬಂದು ಮೋಟಾರುಗಳು ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವುದು ಈಗಲೂ ಇದೆ. ಪಾವಗಡದ ತಿರುಮಣಿ ಸುತ್ತಲಿನ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಆದರೆ ಅಲ್ಲಿನ ವಿದ್ಯುತ್ತು ನೇರವಾಗಿ ನಮ್ಮ ಮನೆಗಳಿಗೆ ಬರುವುದಿಲ್ಲ, ಹೈಟೆನ್ಷನ್ ಲೈನಿನಲ್ಲಿ ಗ್ರಿಡ್ ಸೇರುತ್ತದೆ. ಮನೆಯ ಪ್ಲಗ್ಗಿನ ವೋಲ್ಟೇಜು ಬೀದಿಯ ಟ್ರಾನ್ಸ್‌ಫಾರ್ಮರನ್ನೂ ಅಲ್ಲಿಂದ ಬರುವ ತಂತಿಯನ್ನೂ ಅವಲಂಬಿಸಿದೆ.

ಆದ್ದರಿಂದ ಸ್ಟಿಕ್ಕರಿನಲ್ಲಿ 100–240 ಎಂದಿರುವುದನ್ನೇ ಕೇಳಿ ತೆಗೆದುಕೊಳ್ಳಿ. 200–240 ಎಂದಿರುವವೂ ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ‘80 ಪ್ಲಸ್’ ಮುದ್ರೆ ಇರುವವುಗಳಲ್ಲೂ ಇವೆ. ಆ ಮುದ್ರೆ ಹೇಳುವುದು ಎಷ್ಟು ವಿದ್ಯುತ್ತು ಪೋಲಾಗುತ್ತದೆ ಎಂಬುದನ್ನಷ್ಟೆ. 180 ವೋಲ್ಟಿಗೆ ಇಳಿದಾಗ ಯಂತ್ರ ನಿಲ್ಲುತ್ತದೆಯೋ ನಡೆಯುತ್ತದೆಯೋ ಎಂಬುದನ್ನು ಅದು ಹೇಳುವುದಿಲ್ಲ. ಓವರ್‌ಕ್ಲಾಕ್ ಮಾಡಿದ ಯಂತ್ರಕ್ಕೆ ಈ ವ್ಯತ್ಯಾಸ ದೊಡ್ಡದು: 12 ವೋಲ್ಟ್ ಸಾಲು ನಿಗದಿತ ಮಟ್ಟಕ್ಕಿಂತ ಕೆಳಗೆ ಜಾರಬಾರದೆಂಬುದು ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ನಿಯಮ. ಇನ್‌ಪುಟ್ ಕುಸಿದು ಆ ಸಾಲೂ ಜಾರಿದರೆ, ಮಿತಿಯ ಅಂಚಿನಲ್ಲಿ ಓಡುತ್ತಿರುವ ಪ್ರೊಸೆಸರ್ ರಿಸ್ಟಾರ್ಟ್ ಆಗುತ್ತದೆ, ಇಲ್ಲವೇ ಬರೆಯುತ್ತಿದ್ದ ಫೈಲನ್ನು ಕೆಡಿಸುತ್ತದೆ. ಜನ ಪ್ರೊಸೆಸರನ್ನು ದೂರುತ್ತಾರೆ.

ಇನ್ವರ್ಟರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಕರೆಂಟು ಹೋದ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಬಲದಿಂದ ಸುಮಾರು 17 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಲೈಟು, ಫ್ಯಾನಿಗೆಂದು ತಂದ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಅದಕ್ಕೆ ಯುಪಿಎಸ್ ಮೋಡ್ ಇದ್ದರೆ ಸ್ವಿಚ್ಚನ್ನು ಅಲ್ಲಿಗೇ ಇಡಿ. ಸ್ಕ್ವೇರ್‌ವೇವ್ ಇನ್ವರ್ಟರ್ ಆದರೆ ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ವ್ಯವಸ್ಥೆ) ಇರುವ ಎಸ್‌ಎಂಪಿಎಸ್ ಜೊತೆ ಹೊಂದದೆ ಹೋಗುವ ಸಾಧ್ಯತೆಯಿದೆ, ಸೈನ್‌ವೇವ್‌ನದೇ ಬೇಕು. ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಇದಾವುದನ್ನೂ ಹಾಕಬೇಡಿ. ಏಪ್ರಿಲ್, ಮೇ ಬಿಸಿಲಲ್ಲಿ ಶೀಟಿನ ಮನೆಯ ಕೋಣೆಗಳು ಕಾಯುತ್ತವೆ. ಹಾಗಾಗಿ ಎಸ್‌ಎಂಪಿಎಸ್‌ನ ಪೂರ್ಣ ವಾಟ್ ಎಷ್ಟು ಡಿಗ್ರಿಯವರೆಗೆ ಸಿಗುತ್ತದೆ, 40ಕ್ಕೋ 50ಕ್ಕೋ ಎಂದು ಕೇಳಿ; 50ರದು ಮೇಲು.

ಇವೆಲ್ಲ ಕೊಂಚ ದುಬಾರಿ, ನಿಜ. ಹಣ ಸಾಲದಿದ್ದರೆ ಓವರ್‌ಕ್ಲಾಕ್ ಬಿಡಿ, ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ. ಮನೆಯಲ್ಲಿ ವೋಲ್ಟೇಜ್ ಪದೇಪದೇ ಕುಸಿಯುತ್ತಿದ್ದರೆ ಬೆಸ್ಕಾಂನ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೆ ವಾರಂಟಿಗಾಗಿ ಪಾವಗಡದವರು ಒಂದು ದಿನದ ದುಡಿಮೆ ಬಿಟ್ಟು ಹೋಗಬೇಕು. ಹಾಗಾಗಿ ನಮ್ಮೂರ ಅಂಗಡಿಯವರಲ್ಲೇ ಕೇಳಿಕೊಳ್ಳುತ್ತೇವೆ: ಬಿಲ್ಲಿನಲ್ಲಿ ಬರೀ ‘ಎಸ್‌ಎಂಪಿಎಸ್’ ಎಂದು ಬರೆಯಬೇಡಿ. ಮಾಡೆಲ್, ಇನ್‌ಪುಟ್ ವೋಲ್ಟೇಜ್, 12 ವೋಲ್ಟಿನ ಆಂಪಿಯರ್, ವಾರಂಟಿಯ ವರ್ಷ ಇವಿಷ್ಟನ್ನೂ ಬರೆದುಕೊಡಿ.