ಕಲ್ಲು ಕಿಡ್ನಿಯಲ್ಲಿ, ಕಳ್ಳ ಕತ್ತಿನಲ್ಲಿ!

ಕಿಡ್ನಿಯಲ್ಲಿ ಕಲ್ಲು ಎಂದೊಡನೆ ಊರಿಗೆ ಊರೇ ವೈದ್ಯರಾಗಿಬಿಡುತ್ತದೆ. ಬಾಳೆದಿಂಡಿನ ರಸ ಕುಡಿ ಅನ್ನೋರು ಒಬ್ಬರು, ಹುರುಳಿಕಟ್ಟು ಕುಡಿ ಅನ್ನೋರು ಇನ್ನೊಬ್ಬರು. ಆಸ್ಪತ್ರೆಗೆ ಹೋದರೆ ಕಲ್ಲು ಒಡೆದು ಕಳಿಸುತ್ತಾರೆ. ಎರಡು ವರ್ಷಕ್ಕೆ ಮತ್ತೆ ಕಲ್ಲು. ಮತ್ತೆ ಅದೇ ಬಸ್ಸು, ಅದೇ ಆಸ್ಪತ್ರೆ, ಅದೇ ಬಿಲ್ಲು. ಯಾಕೆ ಮರಳಿ ಮರಳಿ ಬರುತ್ತಿದೆ ಎಂದು ಕೇಳುವವರೇ ಇಲ್ಲ!

ಎಲ್ಲರ ವಿಷಯದಲ್ಲಿ ಅಲ್ಲ, ಆದರೆ ಕೆಲವರಿಗೆ ಕಳ್ಳ ಕೂತಿರುವುದು ಕತ್ತಿನಲ್ಲಿ. ಥೈರಾಯ್ಡ್ ಹಿಂಬದಿಗೆ ಅಕ್ಕಿಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. ರಕ್ತದ ಕ್ಯಾಲ್ಸಿಯಂಗೆ ಇವೇ ಲೆಕ್ಕದ ಗುಮಾಸ್ತರು. ಇವರಲ್ಲೊಬ್ಬ ಕೆಟ್ಟು ಊದಿಕೊಂಡನೋ, ಮೂಳೆಯೆಂಬ ಗೋಡೌನಿನಿಂದ ಕ್ಯಾಲ್ಸಿಯಂ ಎತ್ತಿ ರಕ್ತಕ್ಕೆ ಸುರಿಯುತ್ತಾನೆ. ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ಜೊತೆಗೆ ಸುಸ್ತು, ಮಲಬದ್ಧತೆ, ಮಂಕು. ‘ವಯಸ್ಸಾಯ್ತು ಬಿಡಿ’ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಕ್ಯಾಲ್ಸಿಯಂ ಇಳಿಸುವ ಮಾತ್ರೆ ಇದೆ. ಆದರೆ ಕಾಯಿಲೆ ಬುಡಸಮೇತ ಹೋಗಬೇಕಾದರೆ ಆಪರೇಷನ್ನೇ ಗತಿ.

1925ರಲ್ಲಿ ವಿಯೆನ್ನಾದಲ್ಲಿ ಈ ಆಪರೇಷನ್‌ಗೆ ದಾರಿ ತೋರಿಸಿದವನು ಒಬ್ಬ ಟ್ರಾಮ್ ಕಂಡಕ್ಟರ್. ಮೂಳೆ ಸವೆದು ತೊಡೆಯೆಲುಬೇ ಮುರಿದಿತ್ತು. ಗ್ರಂಥಿ ಸಾಲದೆ ಹೀಗಾಯಿತೆಂದು ಡಾಕ್ಟರ್ ಫೆಲಿಕ್ಸ್ ಮಾಂಡ್ಲ್ ಮೊದಲು ಬೇರೊಬ್ಬರ ಗ್ರಂಥಿಯನ್ನು ಕಸಿ ಮಾಡಿದರು. ಲೆಕ್ಕವೇ ತಲೆಕೆಳಗು! ಗುಣ ಕಾಣದೆ ಕತ್ತು ತೆರೆದು ನೋಡಿದರೆ ಗಡ್ಡೆ ಸಿಕ್ಕಿತು. ತೆಗೆದರು, ಕಂಡಕ್ಟರ್ ಎದ್ದು ಓಡಾಡಿದ. ಕೆಲವು ವರ್ಷಕ್ಕೆ ಕಾಯಿಲೆ ಮರಳಿದ್ದೂ ನಿಜ. ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್‌ನ ಪಾಡು ಇನ್ನೂ ಕಷ್ಟ. ಆರು ಸಲ ಕೊಯ್ದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೇ ಸಲ ಸಿಕ್ಕಿದ್ದು ಎದೆಗೂಡಿನೊಳಗೆ! ಅಷ್ಟರಲ್ಲಿ ಕಿಡ್ನಿ ಕೆಟ್ಟಿತ್ತು. ಆತ ಬಹಳ ದಿನ ಬದುಕಲಿಲ್ಲ.

ಈಗ ಕಾಲ ಬದಲಾಗಿದೆ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಕೆಟ್ಟಿರುವುದು ಒಂದೇ ಗ್ರಂಥಿ. ಸ್ಕ್ಯಾನ್‌ನಲ್ಲಿ ಅದು ಸ್ಪಷ್ಟವಾಗಿ ಕಂಡರೆ ಸಣ್ಣ ಗಾಯದಲ್ಲೇ ಕೆಲಸ ಮುಗಿಯುತ್ತದೆ. ತೆಗೆದ ಹತ್ತು ನಿಮಿಷದಲ್ಲಿ ರಕ್ತದ ಹಾರ್ಮೋನು ಅರ್ಧಕ್ಕಿಂತ ಕೆಳಗಿಳಿಯಿತೇ ಎಂದು, ಸೌಲಭ್ಯವಿರುವ ಕಡೆ, ಆಪರೇಷನ್ ನಡೆಯುತ್ತಿರುವಾಗಲೇ ನೋಡುತ್ತಾರೆ. ಸ್ಕ್ಯಾನ್ ಮಸುಕಾಗಿದ್ದರೆ ಹಳೇ ಪದ್ಧತಿಯೇ ಸರಿ: ಕತ್ತು ತೆರೆದು ನಾಲ್ಕನ್ನೂ ಕಣ್ಣಾರೆ ನೋಡುವುದು.

ಆದರೆ ಜನ ಕೇಳುವುದು ‘ಗಾಯ ಎಷ್ಟು ದೊಡ್ಡದು?’ ಅಂತ. (ಕತ್ತು ಕೊಯ್ಯೋದು ಅಂದರೆ ಪೇಟೆಯಲ್ಲಿ ಬೇರೆಯೇ ಅರ್ಥ, ಹೆದರುವುದು ಸಹಜ!) ಕೇಳಬೇಕಾದ್ದು, ‘ಡಾಕ್ಟರೇ, ಇಂಥದ್ದು ವರ್ಷಕ್ಕೆ ಎಷ್ಟು ಮಾಡ್ತೀರಿ?’ ಎಂದು. ಪಕ್ಕದಲ್ಲೇ ದನಿಯ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ದಿನವಿಡೀ ಗಿರಾಕಿಗಳೊಡನೆ ಮಾತಾಡಿ ಬದುಕುವವನ ಗತಿಯೇನು? ಅಪರೂಪಕ್ಕೊಮ್ಮೆ ಮಾಡುವವರ ಕೈಗೆ ಕತ್ತು ಕೊಡುವುದಕ್ಕಿಂತ ದೂರದ ಊರಿನ ಬಸ್ ಹತ್ತುವುದೇ ವಾಸಿ.

ಅದೆಲ್ಲ ಆಮೇಲಿನ ಮಾತು. ಮೊದಲು ಕಳ್ಳ ಪತ್ತೆಯಾಗಬೇಕಲ್ಲ! ಎರಡನೇ ಸಲ ಕಲ್ಲಿನೊಂದಿಗೆ ಬಂದವರ ಚೀಟಿಯಲ್ಲಿ ‘ರಕ್ತದ ಕ್ಯಾಲ್ಸಿಯಂ’ ಎಂಬೆರಡು ಪದ ಬರೆಯಲು ಎಷ್ಟು ಹೊತ್ತು ಬೇಕು? ಪರೀಕ್ಷೆ ದುಬಾರಿಯದೂ ಅಲ್ಲ. ಡಾಕ್ಟರು ಬರೆಯದಿದ್ದರೆ ರೋಗಿಯೇ ಬಾಯಿಬಿಟ್ಟು ಕೇಳಲಿ. ಮೂಳೆ ನೋವಿಗೆಂದು ಅಂಗಡಿಯಿಂದ ತಾನೇ ತಂದು ನುಂಗುತ್ತಿರುವ ಕ್ಯಾಲ್ಸಿಯಂ ಮಾತ್ರೆಯನ್ನೂ ಹಾಗೇ ಅವರಿಗೆ ತೋರಿಸಲಿ.