ಕೆಮ್ಮೂ ಇರಲಿ, ಕಚೇರಿಯೂ ಇರಲಿ

ಸಂಗೀತದ ಕ್ಯಾಸೆಟ್ಟುಗಳಲ್ಲಿ ಎರಡು ಜಾತಿ. ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಹಾಡಿ, ತಪ್ಪಿದ್ದನ್ನು ತಿದ್ದಿ, ಅಂಗಡಿಗೆ ಕಳಿಸಿದ್ದು ಒಂದು. ಜನರೆದುರು ನಡೆದ ಕಚೇರಿಯನ್ನು ಯಾರೋ ರಸಿಕರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು ಇನ್ನೊಂದು. ಮೊದಲನೆಯದು ಬಲು ನುಣುಪು. ಎರಡನೆಯದರಲ್ಲಿ ಕೆಮ್ಮು, ಕುರ್ಚಿ ಎಳೆದ ಸದ್ದು, ಮಗುವಿನ ಅಳು, ಮುಂದಿನ ಸಾಲಿನವರ "ಭಲೆ ಭಲೆ" ಎಲ್ಲವೂ ಇರುತ್ತೆ. ನನಗಂತೂ ಈ ಎರಡನೆಯದೇ ಪ್ರಾಣ. ಯಾಕೆ ಅಂತೀರಾ?

ನಮ್ಮ ಸಂಗೀತದಲ್ಲಿ ಕೃತಿ ಮಾತ್ರ ಮೊದಲೇ ಕಟ್ಟಿದ್ದು. ಆಲಾಪನೆ, ನೆರವಲು, ಕಲ್ಪನಾಸ್ವರ, ಮೃದಂಗದವರ ತನಿ ಆವರ್ತನ, ಇವೆಲ್ಲ ಆ ಹೊತ್ತಿಗೆ ಹುಟ್ಟುವಂಥವು. ಅದಕ್ಕೇ ಮನೋಧರ್ಮ ಅನ್ನೋದು. ನಮ್ಮ ಸಾರಿನ ಹಾಗೆ ನೋಡಿ. ಅದೇ ಬೇಳೆ, ಅದೇ ಹುಣಸೆ, ಅದೇ ಪುಡಿ. ಆದರೂ ನಿನ್ನೆಯ ಸಾರು ಇವತ್ತಿನದಲ್ಲ.

ಹಳೆಯ ಗ್ರಾಮಫೋನ್ ತಟ್ಟೆಗೆ ಈ ಮನೋಧರ್ಮ ಹಿಡಿಸುತ್ತಿರಲಿಲ್ಲ. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ, ಅಷ್ಟೆ. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿದ ಗೌಹರ್ ಜಾನ್ (ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದು, 1930ರಲ್ಲಿ ಅಲ್ಲೇ ತೀರಿಕೊಂಡವರು) ಆ ಮೂರು ನಿಮಿಷದೊಳಗೇ ರಾಗ ಮುಗಿಸಿ, ಕೊನೆಗೆ ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು! ಟೇಪು ಬಂದ ಮೇಲೇ ಒಂದಿಡೀ ಕಚೇರಿ ಮನೆಗೆ ಬಂದದ್ದು.

ಇದರಿಂದ ಹೆಚ್ಚು ಲಾಭವಾದದ್ದು ಹೆಂಗಸರಿಗೇ ಅಂತ ನನ್ನ ಅನಿಸಿಕೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಲಿಯವರು 1939ರಲ್ಲಿ ಶುರುಮಾಡಿದ ರಾಮನವಮಿ ಸಂಗೀತೋತ್ಸವದ ಹೆಸರು ಯಾರಿಗೆ ಗೊತ್ತಿಲ್ಲ? ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯಂಥವರು ಹಾಡಿದರು. ಆದರೆ ನಮ್ಮ ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರ ದಾಟಿ ಬೆಂಗಳೂರು ಸೇರಿ, ರಾತ್ರಿ ಮಂಗಳ ಹಾಡುವತನಕ ಕೂತರೆ, ವಾಪಸ್ಸು ಬಸ್ಸೆಲ್ಲಿ? ಮನೆಯಲ್ಲಿ ಬಡಿಸೋರು ಯಾರು? ಹೋಗಲಾರದವರ ಪಾಲಿಗೆ ಕ್ಯಾಸೆಟ್ಟೇ ಮೈದಾನ. ಹುರುಳಿಕಾಯಿ ಬಿಡಿಸುತ್ತಾ ಮೊದಲ ಸಾಲಿನಲ್ಲೇ ಕೂತ ಹಾಗೆ!

ನಮ್ಮಲ್ಲಿ ಒಬ್ಬರೇ ಗಾಯಕರ ಕಲ್ಯಾಣಿ ಎರಡಿದೆ. ಒಂದರಲ್ಲಿ ಆಲಾಪನೆ ಹತ್ತು ನಿಮಿಷಕ್ಕೆ ಮುಗಿಯುತ್ತೆ. ಇನ್ನೊಂದರಲ್ಲಿ ಪಿಟೀಲಿನವರು ಏನೋ ಒಂದು ಎಳೆ ಕೊಟ್ಟರು, ಗಾಯಕರು "ಆಹಾ" ಅಂದರು, ಆಮೇಲೆ ರಾಗ ಅರ್ಧ ಗಂಟೆ ಬೆಳೆಯಿತು. ಆ "ಆಹಾ" ಸ್ಟುಡಿಯೋದಲ್ಲಿ ಸಿಕ್ಕೀತೇ? ತನಿಯ ನಡುವೆ ಟೇಪಿನ ಮಗ್ಗುಲು ಮುಗಿದು ಟಕ್ ಅಂತ ನಿಲ್ಲುತ್ತೆ, ನಿಜ. ಅದನ್ನೂ ಈಗ ತಾಳದ ಜೊತೆ ಕಾಯ್ತೀನಿ.

ಈ ಹುಚ್ಚು ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಅನ್ನುವ ರಾಕ್ ತಂಡ 1965ರಿಂದ 1995ರವರೆಗೆ ಇತ್ತು. ಅವರೂ ಮನೋಧರ್ಮದವರೇ, ಒಂದು ರಾತ್ರಿ ನುಡಿಸಿದಂತೆ ಇನ್ನೊಂದು ರಾತ್ರಿ ನುಡಿಸುತ್ತಿರಲಿಲ್ಲ. ಅಭಿಮಾನಿಗಳು ಮೈಕು ಹಿಡಿದು ಬಂದರೆ ಓಡಿಸಲಿಲ್ಲ. 1984ರಲ್ಲಿ ಅವರಿಗೆಂದೇ ಬೇರೆ ಜಾಗವನ್ನೂ ಕೊಟ್ಟರು. ಒಂದೇ ಕಟ್ಟಳೆ: ಹಂಚಿಕೊಳ್ಳಿ, ಮಾರಬೇಡಿ. ಅವರ 1977ರ ಒಂದು ಕಚೇರಿಯ ಧ್ವನಿಮುದ್ರಣ ಈಗ ಆ ದೇಶದವರು ಕಾಪಾಡಲೇಬೇಕೆಂದು ಇಟ್ಟ ಪಟ್ಟಿಯಲ್ಲಿದೆ.

ನಮ್ಮಲ್ಲಿ? ಮನೆ ಸುಣ್ಣ ಹೊಡೆಸುವಾಗ ಅಟ್ಟದ ಡಬ್ಬಿ ಗುಜರಿಗೆ ಹೋಗುತ್ತೆ. ಅಂಗಡಿಯ ಕ್ಯಾಸೆಟ್ಟು ಹೋದರೆ ಇನ್ನೆಲ್ಲೋ ಇನ್ನೊಂದು ಸಿಕ್ಕೀತು. ಕಚೇರಿಯದು ಹಾಗಲ್ಲ. ಇರುವುದು ಒಂದೇ ಆದರೆ, ಅದು ಹೋದರೆ ಆ ರಾತ್ರಿಯೇ ಹೋಯಿತು. ಹಾಡಿದವರೂ ಇಲ್ಲ, ಕೇಳಿದವರೂ ಇಲ್ಲ.

ಆದ್ದರಿಂದ ಹೀಗೆ ಮಾಡಿ. ಕ್ಯಾಸೆಟ್ಟನ್ನು ಅಟ್ಟದ ಬಿಸಿಲಿನಿಂದ ಇಳಿಸಿ, ಒಣಗಿದ, ತಂಪಾದ ಕಡೆ ನಿಲ್ಲಿಸಿಡಿ. ಸ್ಪೀಕರಿನ ಪಕ್ಕ ಬೇಡ, ಅದರೊಳಗಿನ ಅಯಸ್ಕಾಂತ ಟೇಪಿಗೆ ಶತ್ರು. ಟೇಪಿನ ಮೇಲೆ ಬೆಳ್ಳಗೆ ಬೂಷ್ಟು ಕಂಡರೆ ಹಾಕಲೇಬೇಡಿ, ಬಲ್ಲವರಿಗೆ ತೋರಿಸಿ. ಚೆನ್ನಾಗಿದ್ದರೆ ಒಮ್ಮೆ ಕೊನೆತನಕ ಓಡಿಸಿ ಹಿಂದಕ್ಕೆ ಸುತ್ತಿ, ಆಮೇಲೆ ಕೇಳಿ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಅದರ ಮೇಲೆ ಮಕ್ಕಳು ಬೇರೇನೂ ತುಂಬಲಾಗದು. ಪ್ಲೇಯರಿನಿಂದ ಕಂಪ್ಯೂಟರಿಗೆ ತಂತಿ ಹಾಕಿ ನಕಲು ಮಾಡಲು ಮಕ್ಕಳಿಗೆ ಹೇಳಿ, ಎರಡು ಕಡೆ ಇಟ್ಟುಕೊಳ್ಳಿ. ಹಾಡಿದವರು, ಪಕ್ಕವಾದ್ಯದವರು, ಊರು, ವರ್ಷ, ಇಷ್ಟನ್ನೂ ಈಗಲೇ ಬರೆದಿಡಿ. ಮನೆಯ ಹಿರಿಯರಿಗೆ ಕೇಳಿಸಿದರೆ, "ಇದು ಇಂಥವರ ಮದುವೆಯ ಕಚೇರಿ" ಅಂತ ಅವರೇ ಹೇಳಿಯಾರು.

ಕೆಮ್ಮನ್ನು ಮಾತ್ರ ಅಳಿಸಲು ಹೋಗಬೇಡಿ. ಆ ಕೆಮ್ಮು ನಿಮ್ಮ ಮಾವನವರದೇ ಇದ್ದೀತು!