ಹುಲಿಗಿಯಲ್ಲಿ ಮೂರು ದಿನ

ಜರ್ಮನಿಯ ಊರುಗಳ ಪಟ್ಟಿಯನ್ನು ನೋಡಿದವರಿಗೆ ಒಂದು ಚಿಕ್ಕ ಪದ ಮತ್ತೆ ಮತ್ತೆ ಎದುರಾಗುತ್ತದೆ: ‘ಬಾಡ್’. ಬಾಡ್ ಎಮ್ಸ್, ಬಾಡ್ ಕಿಸ್ಸಿಂಗೆನ್, ಎರಡೆರಡು ಸಲ ಅದನ್ನೇ ಹೇಳುವ ಬಾಡನ್-ಬಾಡನ್. ಆ ಪದಕ್ಕೆ ಸ್ನಾನವೆಂದೇ ಅರ್ಥ. ನೆಲದಿಂದ ಉಕ್ಕುವ ಖನಿಜಯುಕ್ತ ನೀರಿನಲ್ಲಿ ಮಿಂದು, ಅದನ್ನೇ ಲೋಟಗಳಲ್ಲಿ ಕುಡಿದು, ದೇಹವನ್ನು ಹದಗೊಳಿಸಿಕೊಳ್ಳಲು ಜನ ಅಲ್ಲಿಗೆ ಹೋಗುತ್ತಾರೆ. ಯೂರೋಪಿನ ಏಳು ದೇಶಗಳ ಹನ್ನೊಂದು ಸ್ನಾನನಗರಗಳನ್ನು ಯುನೆಸ್ಕೊ ಸಂಸ್ಥೆ ೨೦೨೧ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನ ಮೂರೂ ಅದರಲ್ಲಿವೆ. ವೈದ್ಯರು ‘ಮೂರು ವಾರ ಇದ್ದು ಬನ್ನಿ’ ಎಂದು ಹೇಳಿ ಕಳುಹಿಸುವ ವಾಡಿಕೆ ಅಲ್ಲಿ ಹಳೆಯದು. ಮೂರು ವಾರ ಬರಿಯ ನೀರನ್ನು ನೋಡುತ್ತ ಕೂರಲಾದೀತೇ? ಆದ್ದರಿಂದ ಸಂಗೀತ ಬಂತು, ಉದ್ಯಾನ ಬಂತು, ಕಾಡಿನೊಳಗೆ ನಡೆದಾಡುವ ದಾರಿಗಳಾದವು. ಜೂಜಿನ ಮನೆಯೂ ಬಂತು, ಅದು ಬೇರೆ ಮಾತು. ಸಂಗೀತಗಾರ ಬ್ರಾಮ್ಸ್ ಬಾಡನ್-ಬಾಡನ್ನಿನಲ್ಲಿ ಹಲವು ಬೇಸಗೆಗಳನ್ನು ಕಳೆದದ್ದೂ ಇಂಥ ವಾತಾವರಣದಲ್ಲಿಯೇ.

ನೀರಿಗಾಗಿ ಊರಿಗೆ ಹೋಗುವುದು ಕನ್ನಡಿಗರಿಗೆ ಹೊಸ ಪಾಠವಲ್ಲ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತು ಅಜ್ಜಿಯರ ಬಾಯಲ್ಲಿಯೇ ಉಂಟು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ, ಬಹುದೂರ ಹರಿದು, ಕೊಪ್ಪಳದ ಸೀಮೆಯಲ್ಲಿ ಬಂಡೆಗಳ ನಡುವೆ ನುಸುಳುವೆಡೆ ಎಡದಂಡೆಯ ಮೇಲೆ ಹುಲಿಗಿ ಇದೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಸಾವಿರಾರು ಜನ ಅಲ್ಲಿ ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಹುಲಿಗೆಮ್ಮನ ಗುಡಿಯ ಸಾಲಿನಲ್ಲಿ ನಿಲ್ಲುತ್ತಾರೆ. ಹಣ್ಣುಕಾಯಿ ಮಾಡಿಸಿ, ಮನೆಯಿಂದ ತಂದ ಹೋಳಿಗೆ ಬುತ್ತಿಯನ್ನು ಮರದ ನೆರಳಿನಲ್ಲಿ ಬಿಚ್ಚಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಜರ್ಮನ್ನರಿಗೆ ಮೂರು ವಾರ, ಹುಲಿಗಿಗೆ ಮೂರು ಗಂಟೆ! ಮೂರು ವಾರ ಯಾರಿಗೂ ಬೇಕಿಲ್ಲ. ಮೂರು ದಿನವಾದರೂ ಕೊಟ್ಟ ಕುಟುಂಬಕ್ಕೆ ಈ ಸೀಮೆ ಕೊಡುವುದು ಬಹಳ.

ಮೊದಲನೆಯ ದಿನ ಹೊಳೆಗೂ ಗುಡಿಗೂ ಮೀಸಲು. ಹುಬ್ಬಳ್ಳಿ-ಗುಂತಕಲ್ಲು ಹಾದಿಯ ಮುನಿರಾಬಾದ್ ರೈಲು ನಿಲ್ದಾಣ ಗುಡಿಗೆ ಹತ್ತಿರ. ಹೊಸಪೇಟೆಯಿಂದ ಬಸ್ಸುಗಳೂ ಧಾರಾಳ. ದೇವಿಯ ಜಾತ್ರೆ ವೈಶಾಖ ಮಾಸದ ಬಹುಳ ಪಕ್ಷದಲ್ಲಿ, ಅಂದರೆ ಕಡುಬೇಸಗೆಯಲ್ಲಿ. ಕುದಿಯುವ ಪಾಯಸಕ್ಕೆ ಕೈಯಿಕ್ಕುವ ‘ಪಾಯಸ ಅಗ್ನಿ’ಯನ್ನು ಕಾಣಬೇಕೆಂಬವರು ಆಗಲೇ ಹೋಗಬೇಕು, ಚಿಕ್ಕ ಮಕ್ಕಳೊಡನೆ ಹೋಗುವವರು ಆ ಗದ್ದಲವನ್ನು ತಪ್ಪಿಸಿಕೊಳ್ಳುವುದೇ ಲೇಸು.

ಗುಡಿಯ ಆವರಣದಲ್ಲಿ ಚೌಡಿಕೆ ಮೀಟುತ್ತ ದೇವಿಯ ಪದ ಹಾಡುವ ಜೋಗತಿಯರನ್ನು, ಜೋಗಪ್ಪಂದಿರನ್ನು ಪಟ್ಟಣದವರು ಬೆರಗಿನಿಂದಲೋ ಅಳುಕಿನಿಂದಲೋ ನೋಡಿ ಸರಿದುಹೋಗುತ್ತಾರೆ. ಕೊಂಚ ನಿಂತು ಕೇಳಿದರೆ ಈ ನಾಡಿನ ಹಳೆಯ ಹಾಡುಗಾರಿಕೆಯೊಂದು ಕಿವಿಗೆ ಬೀಳುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸು ಪಡೆದವರಿಗೆ ಮನೆಯ ಬಾಗಿಲು ಮುಚ್ಚಿದಾಗ ಈ ತಾಯಿಯ ಗುಡಿ ಒಂದು ಹೆಸರನ್ನೂ ಒಂದು ವೃತ್ತಿಯನ್ನೂ ಕೊಟ್ಟಿತು. ಜೋಗತಿ ದೀಕ್ಷೆಯನ್ನು ಇಲ್ಲಿಯೇ ಪಡೆದ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅದೇ ಭಕ್ತಿಯ ನೆರಳಿನಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರೂರ ಪದ್ಧತಿಯೂ ಬೆಳೆದಿತ್ತೆಂಬುದನ್ನು ಮರೆಯಲಾಗದು; ೧೯೮೨ರ ಕಾನೂನು ಅದನ್ನು ನಿಷೇಧಿಸಿದೆ.

ಇನ್ನು ಆ ನೀರಿನ ವಿಚಾರ. ಬಾಡನ್-ಬಾಡನ್ನಿನ ಬುಗ್ಗೆಯ ನೀರು ಸುಮಾರು ೬೮ ಡಿಗ್ರಿಯಷ್ಟು ಬಿಸಿಯಾಗಿ ತಾನಾಗಿಯೇ ಬರುತ್ತದೆ. ಹುಲಿಗಿಯ ನೀರು ಅಣೆಕಟ್ಟೆಯ ಅಪ್ಪಣೆ ಪಡೆದು ಬರುತ್ತದೆ. ಊರಿನ ಮೇಲ್ಗಡೆಯಲ್ಲಿಯೇ ತುಂಗಭದ್ರಾ ಜಲಾಶಯ. ೧೯೪೫ರಲ್ಲಿ ಅಡಿಗಲ್ಲು ಬಿದ್ದಾಗ ಈ ದಂಡೆ ಹೈದರಾಬಾದು ನಿಜಾಮರದು, ಆಚೆಯ ದಂಡೆ ಮದರಾಸಿನದು; ೧೯೫೩ರ ಹೊತ್ತಿಗೆ ಕಟ್ಟೆ ಎದ್ದು ನಿಂತಿತು. ಅದರ ೩೩ ಗೇಟುಗಳು ಮುಚ್ಚಿದಾಗ ಹೊಳೆ ಬಂಡೆಗಳ ನಡುವಿನ ಮಡುಗಳಾಗುತ್ತದೆ. ತೆರೆದಾಗ ಸ್ನಾನಘಟ್ಟದ ಮೆಟ್ಟಿಲುಗಳನ್ನೇರಿ ಬರುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹೊಳೆಯ ಸ್ವಭಾವವನ್ನು ಆ ವಾರ ಕಂಡವರು ಮರೆಯಲಾರರು. ಮಳೆಗಾಲದಲ್ಲಿ ಹೋದವರು ಕಾವಲುಗಾರರ ಸೀಟಿಯನ್ನು ಲೆಕ್ಕಿಸದೆ ನೀರಿಗಿಳಿಯುವುದು ಭಕ್ತಿಯಲ್ಲ, ಹುಂಬತನ. ಆಗ ಒಂದು ತಂಬಿಗೆ ನೀರನ್ನು ತಲೆಗೆ ಹಾಕಿಕೊಂಡರೂ ತಾಯಿ ಒಪ್ಪುತ್ತಾಳೆ.

ಮಿಂದ ಬಟ್ಟೆಯನ್ನು ಹೊಳೆಗೇ ಬಿಡುವ ಚಟ ನಾಡಿನ ಅನೇಕ ತೀರ್ಥಗಳಂತೆ ಇಲ್ಲಿಯೂ ಉಂಟು. ಅದರೊಡನೆ ಸಾಬೂನಿನ ಕಾಗದ, ಪ್ಲಾಸ್ಟಿಕ್ ಚೀಲ, ಊದುಬತ್ತಿಯ ಪೊಟ್ಟಣ. ಪಾಪ ಹೋಯಿತೆಂದು ಬಿಟ್ಟವರು ತಿಳಿಯುತ್ತಾರೆ. ಬಟ್ಟೆ ಹೋಗುವುದಿಲ್ಲ, ಕೆಳಗಿನ ಬಂಡೆಗೆ ಸುತ್ತಿಕೊಂಡು ಕೊಳೆಯುತ್ತದೆ. ಈ ಹೊಳೆಗೆ ಇನ್ನೊಬ್ಬ ಹಕ್ಕುದಾರನಿದ್ದಾನೆ: ನೀರುನಾಯಿ. ಮುದ್ಲಾಪುರದ ಸೇತುವೆಯಿಂದ ಕಂಪ್ಲಿಯ ಸೇತುವೆಯವರೆಗಿನ ೩೪ ಕಿಲೋಮೀಟರ್ ನದಿಯನ್ನು ಸರಕಾರ ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮೀನು ಹಿಡಿದು ಬದುಕುವ ಈ ಪ್ರಾಣಿಗೆ ಬಂಡೆಯ ಬಿರುಕೇ ಮನೆ, ದಂಡೆಯ ಪೊದೆಯೇ ಮರೆ. ಹಂಪೆಗೂ ಆನೆಗೊಂದಿಗೂ ಬರುವ ಯಾತ್ರಿಕರಲ್ಲಿ ಈ ಸುದ್ದಿ ಬಲ್ಲವರು ಎಷ್ಟು ಮಂದಿ?

ಜರ್ಮನಿಯ ಸ್ನಾನನಗರಗಳಲ್ಲಿ ಒಂದು ಕಟ್ಟಳೆಯಿದೆ. ರಾತ್ರಿ ತಂಗುವ ಪ್ರತಿಯೊಬ್ಬ ಅತಿಥಿಯಿಂದ ‘ಕೂರ್‌ಟಾಕ್ಸ್’ ಎಂಬ ಸಣ್ಣ ತೆರಿಗೆಯನ್ನು ವಸೂಲು ಮಾಡಿ ಉದ್ಯಾನಕ್ಕೂ ಸಂಗೀತಕ್ಕೂ ಇತರ ಅನುಕೂಲಗಳಿಗೂ ವೆಚ್ಚ ಮಾಡುತ್ತಾರೆ. ಬಂದವರು ಗೊಣಗುತ್ತಾರೆ, ಕೊಡುತ್ತಾರೆ. ಹುಲಿಗಿಯ ಹುಂಡಿಗೆ ಕೈ ಬಿಚ್ಚಿ ಹಾಕುವ ಭಕ್ತರು ಹೊಳೆಯ ಹೆಸರಿನಲ್ಲಿ ಐದು ರೂಪಾಯಿ ಬೇಡಿದರೆ ಇಲ್ಲವೆನ್ನಲಾರರು. ಬೇಡುವ ಏರ್ಪಾಡು ಆಗಬೇಕು. ಆ ಹಣದಲ್ಲಿ ಹೆಂಗಸರು ಬಟ್ಟೆ ಬದಲಿಸಲು ಇನ್ನಷ್ಟು ಕೋಣೆಗಳು, ಬಿಟ್ಟ ಬಟ್ಟೆಗೆ ದೊಡ್ಡ ತೊಟ್ಟಿಗಳು, ದಂಡೆಯಲ್ಲಿ ನಾಲ್ಕು ಹೊಂಗೆಯ ಮರಗಳು ಆದಾವು.

ಎರಡನೆಯ ದಿನ ಪಶ್ಚಿಮಕ್ಕೆ. ಕೊಪ್ಪಳದ ಹಳೆಯ ಹೆಸರು ಕೊಪಣ. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಎಣಿಸುವ ಊರುಗಳಲ್ಲಿ ಇದೂ ಒಂದು. ಗವಿಮಠದ ಬೆಟ್ಟದ ಮೇಲೆಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಪಾಠಪುಸ್ತಕದಲ್ಲಿ ಅಶೋಕನ ಹೆಸರನ್ನು ಉರುಹೊಡೆದ ಮಕ್ಕಳಿಗೆ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಆ ಬ್ರಾಹ್ಮಿ ಅಕ್ಷರಗಳನ್ನು ಬಂಡೆಯ ಮೇಲೆ ತೋರಿಸಿದರೆ ಇತಿಹಾಸವು ಪರೀಕ್ಷೆಯ ವಿಷಯವಾಗಿ ಉಳಿಯುವುದಿಲ್ಲ. ಮುಂದೆ ಕುಕನೂರಿನ ನವಲಿಂಗ ಗುಡಿಗಳು. ಅಲ್ಲಿಂದ ಸ್ವಲ್ಪ ದೂರದಲ್ಲಿ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಸ್ವಂತ ಹೊಗಳಿಕೆ ಸಾಮಾನ್ಯವಾಗಿ ಸಹ್ಯವಲ್ಲ; ಆ ಕಂಬಗಳ ನುಣುಪನ್ನು ಮುಟ್ಟಿ ನೋಡಿದವರು ಶಾಸನಕಾರನನ್ನು ಕ್ಷಮಿಸುತ್ತಾರೆ. ಹಿಂದಿರುಗುವಾಗ ಕಿನ್ನಾಳಕ್ಕೆ ತಿರುಗಿದರೆ ಚಿತ್ರಗಾರರ ಮನೆಗಳಲ್ಲಿ ಹಗುರ ಮರದ ಗೊಂಬೆಗಳಿಗೆ ಹುಣಸೆಬೀಜದ ಅಂಟು ಬಳಿದು ಬಣ್ಣ ತುಂಬುವುದನ್ನು ಕಾಣಬಹುದು. ಗೌರಿಹಬ್ಬದ ಮೊದಲು ಕೊಂಡರೆ ಮನೆಯ ಹೆಣ್ಣುಮಕ್ಕಳಿಗೆ ಬೇರೆ ಕಾಣಿಕೆ ಬೇಡ.

ಮೂರನೆಯ ದಿನ ಪೂರ್ವಕ್ಕೆ. ಆನೆಗೊಂದಿಯ ಪಂಪಾಸರೋವರವನ್ನೂ ಅಂಜನಾದ್ರಿಯನ್ನೂ ಎಲ್ಲರೂ ನೋಡುತ್ತಾರೆ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತುವವರು ಕಡಮೆ. ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ನೂರಾರು ಸಮಾಧಿಗಳು ಅಲ್ಲಿ ಪುಟ್ಟ ಮನೆಗಳಂತೆ ಸಾಲುಗಟ್ಟಿವೆ. ಲೋಹಯುಗದ ಜನರ ಕೆಲಸ ಅದು. ಊರವರು ಮೋರ್ಯರ ಗುಡ್ಡವೆನ್ನುತ್ತಾರೆ. ೨೦೨೧ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಅದರ ಹೆಸರು ಸೇರಿದೆ. ನೆರಳಿಲ್ಲ, ನೀರಿಲ್ಲ, ಮುಂಜಾನೆಯೇ ಹತ್ತಿ ಹತ್ತು ಗಂಟೆಗೆ ಇಳಿಯಬೇಕು.

ಈ ಪ್ರವಾಸಕ್ಕೆ ಮಳೆ ನಿಂತ ಮೇಲಿನ ತಿಂಗಳುಗಳು, ಕಾರ್ತಿಕದಿಂದ ಮಾಘದವರೆಗೆ, ಅನುಕೂಲ. ಕೆಲವು ವರ್ಷ ಚಳಿಗಾಲದಲ್ಲಿ ಪಾಚಿ ಬೆಳೆದು ಜಲಾಶಯದ ನೀರು ಹಸಿರುಗಟ್ಟಿದ್ದುಂಟು. ಅಂಥ ನೀರನ್ನು ತೀರ್ಥವೆಂದು ಬಾಯಿಗೆ ಹಾಕಿಕೊಳ್ಳಬಾರದು. ಕುಡಿಯುವ ನೀರನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಮಂಗಳವಾರ, ಶುಕ್ರವಾರಗಳನ್ನು ಬಿಟ್ಟರೆ ಗುಡಿಯಲ್ಲಿ ದರ್ಶನವೂ ಹೊಸಪೇಟೆಯಲ್ಲಿ ತಂಗಲು ಕೋಣೆಯೂ ಸುಲಭ. ನೀರುನಾಯಿಯ ಆಸೆಯಿದ್ದವರು ಬೆಳಗಿನ ಮೊದಲ ಬಸ್ಸಿಗಿಂತ ಮುಂಚೆ, ಸ್ನಾನಘಟ್ಟದ ಗದ್ದಲದಿಂದ ದೂರ ಸರಿದು, ಮಾತಿಲ್ಲದೆ ಬಂಡೆಗಳತ್ತ ಕಣ್ಣಿಟ್ಟು ಕೂರಬೇಕು.